ಬಣ್ಣಕ್ಕಿಂತ ಮೊದಲು ಗಾಳಿ ನೋಡಿ

ಬ್ರದರ್, ಬೀದರ್‌ನಲ್ಲಿ ಚರ್ಚ್ ಅಂಗಳದ ಯುವಜನ ಕೂಟಕ್ಕೆ 12 ಅಡಿ ಎತ್ತರದ ಥರ್ಮಾಕೋಲ್ ಕೋಟೆ ಸೆಟ್ ಮಾಡ್ತಿದ್ದೀವಿ, ಯಾವ ಬಣ್ಣ ಒಳ್ಳೇದು ಅಂತ ಕೇಳಿದ್ದೀರಿ. ಡಿಸ್ಟೆಂಪರ್ ಸಾಕು. ಆಯಿಲ್ ಪೇಂಟ್ ಬೇಡ, ಅದರ ಥಿನ್ನರ್‌ಗೆ ಥರ್ಮಾಕೋಲ್ ಕರಗಿಬಿಡುತ್ತೆ.

ನನಗೆ ಜಾಸ್ತಿ ಚಿಂತೆ ಗಾಳಿಯದು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತೆ. ಹೋದ ವರ್ಷ ನಮ್ಮ ಸೆಟ್ ಸಂಜೆ ಗಾಳಿಗೆ ವಾಲಿತು. ಇಬ್ಬರು ಹುಡುಗರು ಪ್ರಾರ್ಥನೆ ಮುಗಿಯೋವರೆಗೂ ಹಿಂದೆ ಬಿದಿರು ಹಿಡಿದು ನಿಂತಿದ್ದರು. ಅಂಗೈಯೆಲ್ಲ ಸಿಬಿರು ಚುಚ್ಚಿತ್ತು, ಪಾಪ.

ನಮ್ಮ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡೋದು ಕಷ್ಟ ಅಲ್ವಾ? ಹಾಗಾಗಿ ಪ್ರತಿ ಕಂಬಕ್ಕೂ ಹಿಂದಿನಿಂದ ಓರೆಯಾಗಿ ಬಿದಿರು ಕಟ್ಟಿ, ಬುಡಕ್ಕೆ ಮರಳು ಚೀಲ ಹೇರಿ. ಹ್ಯಾಲೋಜೆನ್ ದೀಪ ಮಾತ್ರ ಥರ್ಮಾಕೋಲ್ ಹತ್ತಿರ ಬೇಡವೇ ಬೇಡ, ಬೇಗ ಬೆಂಕಿ ಹಿಡಿಯುತ್ತೆ. ಎಲ್‌ಇಡಿ ಹಾಕಿ.