ಟೆಕ್ಸಾಸ್‌ನಲ್ಲಿ ಬ್ರೋಕರ್ ಸಿಗುವ ಮೊದಲೇ ರಿಯಲ್ ಎಸ್ಟೇಟ್ ಏಜೆಂಟ್ ಲೈಸೆನ್ಸ್ ಪಡೆಯಬಹುದೇ?

ಪಡೆಯಬಹುದು. ಇಲ್ಲಿ ಬ್ರೋಕರ್ ಎಂದರೆ ಏಜೆಂಟ್ ಯಾರ ಕೈಕೆಳಗೆ ಕೆಲಸ ಮಾಡಬೇಕೋ ಆ ಮೇಲಿನ ಹಂತದ ಲೈಸೆನ್ಸ್ ಇರುವವರು. ಒಟ್ಟು 180 ಗಂಟೆಗಳ ಆರು ಕೋರ್ಸ್ ಮುಗಿಸಿ, ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯಾದ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್‌ಗೆ ಅರ್ಜಿ ಸಲ್ಲಿಸಿ, ಬೆರಳಚ್ಚು ಕೊಟ್ಟು, ಪರೀಕ್ಷೆ ಪಾಸಾಗುವ ತನಕ ಬ್ರೋಕರ್ ಅಗತ್ಯವೇ ಇಲ್ಲ. ಆದರೆ ಆಗ ಸಿಗುವುದು ನಿಷ್ಕ್ರಿಯ ಲೈಸೆನ್ಸ್. ಬ್ರೋಕರ್ ಒಬ್ಬರು ನಿಮ್ಮ ಹೊಣೆ ಹೊತ್ತು ಅದು ಸಕ್ರಿಯವಾಗುವವರೆಗೆ, ಪರಿಚಯದವರಿಗೆ ಮನೆ ಕೊಡಿಸಿ ಕಮಿಷನ್ ಪಡೆಯುವುದೂ ಕಾನೂನುಬಾಹಿರ. ಇದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಹಾಗೆಂದು ಹುಡುಕಾಟವನ್ನು ಪರೀಕ್ಷೆಯ ನಂತರಕ್ಕೆ ತಳ್ಳಬೇಡಿ. ಓದುತ್ತಿರುವಾಗಲೇ ಎರಡು ಮೂರು ಬ್ರೋಕರ್‌ಗಳನ್ನು ಭೇಟಿಯಾಗಿ, ಕಮಿಷನ್‌ನಲ್ಲಿ ಅವರ ಪಾಲೆಷ್ಟು, ತಿಂಗಳ ಶುಲ್ಕವಿದೆಯೇ ಎಂದು ವಿಚಾರಿಸಿ. ಮೊದಲ ಒಪ್ಪಂದಪತ್ರ ತುಂಬುವಾಗ ಪಕ್ಕದಲ್ಲಿ ಕುಳಿತು ಕಲಿಸುವವರು ಯಾರೆಂದೂ ಕೇಳಿ. ಹೊಸಬರಿಗೆ ಪಾಲಿನ ಲೆಕ್ಕಕ್ಕಿಂತ ಅದೇ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ.

ನ್ಯೂಯಾರ್ಕ್ ರಾಜ್ಯದಲ್ಲಾದರೆ ಕ್ರಮವೇ ಬೇರೆ: ಅಲ್ಲಿ ಬ್ರೋಕರ್ ಒಪ್ಪದೆ ಲೈಸೆನ್ಸ್ ಅರ್ಜಿ ಪೂರ್ಣವಾಗುವುದಿಲ್ಲ.