ವಯಸ್ಕರ ಪತ್ರಿಕೆಯಲ್ಲಿ ಹುಟ್ಟಿದ ಹುಡುಗ

ಗೌರವಾನ್ವಿತ ಮೇಷ್ಟ್ರೇ,

ಸಾಗರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿತು. ಹೆಸರು ಅಚ್ಚು ಮಾಡಬೇಡಿ ಎಂದಿದ್ದೀರಿ, ಮಾಡುವುದಿಲ್ಲ. ಆದರೆ ನೀವು ಕೇಳಿದ್ದನ್ನು ಇನ್ನೂ ಹಲವರು ಫೋನಿನಲ್ಲಿ ಕೇಳಿದ್ದಾರೆ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ಟಿವಿ ಕಾರ್ಯಕ್ರಮಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ್ದೆವು. ಶಿನ್‌ಚಾನ್ ಎಂಬ ಐದು ವರ್ಷದ ಪೋರ ಮೊದಲು ಹುಟ್ಟಿದ್ದು ಜಪಾನಿನ ‘ವಯಸ್ಕ ಗಂಡಸರ ಚಿತ್ರಕಥೆ ವಾರಪತ್ರಿಕೆ’ಯೊಂದರಲ್ಲಿ ಎಂಬ ಸಾಲು ಅದರಲ್ಲಿತ್ತು. ಅದನ್ನು ಓದಿ ನಿಮಗೆ ಗಾಬರಿಯಾಗಿದೆ. ಅಂಥ ಕೊಳಕು ಕಾಗದದಲ್ಲಿ ಹುಟ್ಟಿದ್ದನ್ನು ನನ್ನ ಮೊಮ್ಮಗ ದಿನವೂ ಊಟದ ಹೊತ್ತಿಗೆ ನೋಡುತ್ತಾನಲ್ಲ ಎಂದು ಸಂಕಟಪಟ್ಟಿದ್ದೀರಿ. ಮೀಸೆ ಬಂದ ಗಂಡಸರು ಚಿತ್ರದ ಪುಸ್ತಕ ಹಿಡಿದು ಕೂರುವ ದೇಶದಿಂದ ನಾವು ಕಲಿಯಬೇಕಾದ್ದೇನು ಎಂದೂ ಕೇಳಿದ್ದೀರಿ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ವಯಸ್ಕರ ಪತ್ರಿಕೆ’ ಎಂದರೆ ಕನ್ನಡದಲ್ಲಿ ಒಂದೇ ಅರ್ಥ ಬರುತ್ತದೆ: ಬಸ್ ನಿಲ್ದಾಣದ ಅಂಗಡಿಯಲ್ಲಿ ಬೇರೆ ಪುಸ್ತಕಗಳ ಅಡಿಯಲ್ಲಿ ಇಟ್ಟು ಮಾರುವಂಥದ್ದು. ಜಪಾನಿನವರು ಈ ಪತ್ರಿಕೆಗಳನ್ನು ಕರೆಯುವುದು ‘ಸೇನೆನ್’ ಎಂದು. ಅದರ ನೇರ ಅರ್ಥ ತರುಣ, ಪ್ರಾಯಕ್ಕೆ ಬಂದ ಯುವಕ. ಅವರ ಭಾಷೆಯಲ್ಲಿ ಇದೇ ಉಚ್ಚಾರದ ಇನ್ನೊಂದು ಪದವೂ ಇದೆ. ಅದನ್ನು ಬರೆಯುವ ಅಕ್ಷರ ಬೇರೆ, ಅರ್ಥ ಕಾನೂನಿನ ಪ್ರಕಾರ ವಯಸ್ಸು ತುಂಬಿದವನು ಎಂದು. ನೀವು ಹೆದರಿದ ಬಗೆಯ ಪುಸ್ತಕಗಳಿಗೆ ಅಲ್ಲಿ ಹಚ್ಚುವುದು ಆ ಎರಡನೆಯ ಪದವನ್ನು. ನಾವು ಈ ಎರಡನ್ನೂ ಒಂದೇ ಕನ್ನಡ ಪದದಲ್ಲಿ ಕಲಸಿಬಿಟ್ಟೆವು. ಇನ್ನೊಂದು ತಿದ್ದುಪಡಿಯೂ ಬಾಕಿ ಇದೆ. ಪತ್ರಿಕೆ ಈಗಲೂ ವಾರಪತ್ರಿಕೆ ಎಂಬಂತೆ ನಮ್ಮ ಲೇಖನ ಹೇಳಿತ್ತು. ಅದು 2003ರಲ್ಲಿ ನಿಂತು, 2004ರಲ್ಲಿ ಮತ್ತೆ ಶುರುವಾದಾಗ ತಿಂಗಳಿಗೆ ಎರಡು ಬಾರಿ ಬರುವ ಪತ್ರಿಕೆಯಾಯಿತು.

ಅದರ ಹೆಸರು ಮಾಂಗಾ ಆಕ್ಷನ್, ಪ್ರಕಾಶಕರು ಟೋಕಿಯೊದ ಫುತಾಬಾಷಾ. 1967ರಲ್ಲಿ ಅದು ಏಕೆ ಹುಟ್ಟಿತು ಎಂಬುದರಲ್ಲಿಯೇ ನಿಮ್ಮ ಮೀಸೆಯ ಪ್ರಶ್ನೆಗೆ ಉತ್ತರವಿದೆ. ಯುದ್ಧ ಮುಗಿದ ಬೆನ್ನಲ್ಲೇ ಜಪಾನಿನಲ್ಲಿ ಒಂದು ದೊಡ್ಡ ಪೀಳಿಗೆ ಹುಟ್ಟಿತು. 1959ರ ಮಾರ್ಚ್ 17ರಂದು, ಒಂದೇ ದಿನ, ಹುಡುಗರಿಗಾಗಿ ಎರಡು ಚಿತ್ರಕಥೆ ವಾರಪತ್ರಿಕೆಗಳು ಹೊರಬಂದಾಗ ಈ ಪೀಳಿಗೆಗೆ ಹತ್ತು ಹನ್ನೆರಡು ವರ್ಷ. ಎಂಟು ವರ್ಷ ಕಳೆದ ಮೇಲೆ ಅದೇ ಹುಡುಗರು ಕಾಲೇಜಿನಲ್ಲಿ, ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ಇದ್ದರು. ಚಿತ್ರದಲ್ಲಿ ಕಥೆ ಓದುವ ಅಭ್ಯಾಸ ಅವರೊಂದಿಗೇ ಬೆಳೆದಿತ್ತು, ಆದರೆ ಅವರ ವಯಸ್ಸಿಗೆ ತಕ್ಕ ಕಥೆ ಕಡಿಮೆ. ಹೆಚ್ಚಾಗಿ ಬಾಡಿಗೆ ಪುಸ್ತಕದಂಗಡಿಗಳಲ್ಲಿ ‘ಗೆಕಿಗಾ’ ಎಂಬ ಗಂಭೀರ ಬಗೆಯ ಚಿತ್ರಕಥೆಗಳು ಸಿಗುತ್ತಿದ್ದವು. ಆ ಹೆಸರನ್ನು 1957ರಲ್ಲಿ ಕೊಟ್ಟವರು ಯೊಶಿಹಿರೊ ತತ್ಸುಮಿ. ಓದುಗ ಬೆಳೆದಾಗ ಪತ್ರಿಕೆಯೂ ಬೆಳೆಯಬೇಕು ಎಂದುಕೊಂಡ ಸಂಪಾದಕರು ಆ ಗಂಭೀರ ರೇಖೆಯನ್ನು ವಾರವಾರದ ಪತ್ರಿಕೆಗೆ ತಂದರು. ಮರುವರ್ಷ ದೊಡ್ಡ ಪ್ರಕಾಶಕರೂ ಅದೇ ದಾರಿ ಹಿಡಿದರು. ಈ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನನಗೆ ಆ ಸಂಪಾದಕರ ನಿರ್ಧಾರದ ಮೇಲೆ ಬಹಳ ಗೌರವವಿದೆ. ಇಪ್ಪತ್ತು ದಾಟಿದ ಓದುಗರನ್ನು ನಾವು ಎಷ್ಟೋ ಬಾರಿ ಸುಮ್ಮನೆ ಕೈಬಿಟ್ಟಿದ್ದೇವೆ.

ಮೊದಲ ಸಂಚಿಕೆಯಲ್ಲಿಯೇ ಲುಪಿನ್ ಎಂಬ ಕಳ್ಳನ ಕಥೆ ಆರಂಭವಾಯಿತು. ಬರೆದವರು ಮಂಕಿ ಪಂಚ್. ಹೊಕ್ಕೈಡೊದ ಮೀನುಗಾರರ ಊರಿನಿಂದ ಬಂದ ಕಜುಹಿಕೊ ಕಾಟೊ ಎಂಬ ಯುವಕನಿಗೆ ಆ ಹೆಸರಿಟ್ಟದ್ದು ಸಂಪಾದಕರೇ. 1970ರಿಂದ 1976ರವರೆಗೆ ಕಜುವೊ ಕೊಯಿಕೆ ಮತ್ತು ಗೊಸೆಕಿ ಕೊಜಿಮಾ ಸೇರಿ ಒಂದು ಸಮುರಾಯ್ ಕಥೆ ನಡೆಸಿದರು. ಹೆಂಡತಿಯನ್ನು ಕೊಲೆಗಡುಕರಿಗೆ ಕಳೆದುಕೊಂಡ ತಂದೆ ತನ್ನ ಪುಟ್ಟ ಮಗನನ್ನು ಮರದ ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಊರೂರು ಅಲೆಯುತ್ತಾನೆ. ಅದು ಪುಸ್ತಕವಾದಾಗ 28 ಸಂಪುಟವಾಯಿತು. ನನಗೆ ಅದಕ್ಕಿಂತ ಹತ್ತಿರವಾದದ್ದು ಹರುಕಿ ಎತ್ಸುಮಿ 1978ರಿಂದ 1997ರವರೆಗೆ ಬರೆದ ಒಸಾಕಾದ ಹುಡುಗಿ ಚಿಯೆಯ ಕಥೆ. ಅಪ್ಪ ಜೂಜು, ಹೊಡೆದಾಟ ಎಂದು ಕಾಲ ಕಳೆಯುತ್ತಾನೆ. ಶಾಲೆಗೆ ಹೋಗುವ ಮಗಳು ಸಂಜೆ ಕುರಿದೊಡ್ಡಿಯಂಥ ಪುಟ್ಟ ಅಂಗಡಿಯಲ್ಲಿ ಕೆಂಡದ ಮುಂದೆ ನಿಂತು ಕರುಳು, ಒಳಮಾಂಸ ಸುಟ್ಟು ಮಾರುತ್ತಾಳೆ. ಕೆಲಸ ಮುಗಿಸಿ ರೈಲು ಹಿಡಿದ ತಂದೆಯೊಬ್ಬ ಅದನ್ನು ಓದುವಾಗ ಅವನ ಮನಸ್ಸಿಗೆ ಏನಾಗಿರಬಹುದು ಎಂದು ಒಮ್ಮೆ ಯೋಚಿಸಿ, ಮೇಷ್ಟ್ರೇ.

ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ. ಆ ಸಮುರಾಯ್ ಕಥೆಯಲ್ಲಿ ರಕ್ತ ಹರಿಯುತ್ತದೆ, ಹೆಣ್ಣಿನ ಮೇಲೆ ನಡೆಯುವ ಬಲಾತ್ಕಾರ ಬೇಕಿಲ್ಲದ ಕಡೆಯೂ ಬರುತ್ತದೆ. ಈ ಬಗೆಯ ವಾರಪತ್ರಿಕೆಗಳ ಮೊದಲ ಪುಟಗಳಲ್ಲಿ ತುಂಡುಬಟ್ಟೆಯ ಹುಡುಗಿಯರ ಫೋಟೊಗಳು ವರ್ಷಗಟ್ಟಲೆ ಬಂದಿವೆ. ಗಂಡು ಓದುಗನನ್ನು ಹಿಡಿದಿಡಲು ಹೆಣ್ಣಿನ ದೇಹವನ್ನು ಬಳಸಿದ್ದು ನನಗೆ ಒಪ್ಪಿಗೆಯಿಲ್ಲ, ಅದನ್ನು ಸಮರ್ಥಿಸಲು ಒಂದು ವಾಕ್ಯವನ್ನೂ ಬರೆಯಲಾರೆ. ಅಂಥ ಪುಟಗಳ ಪಕ್ಕದಲ್ಲಿಯೇ ಏನು ಬೆಳೆಯಿತು ಎಂಬುದನ್ನು ಮಾತ್ರ ನಿಮಗೆ ತೋರಿಸಬೇಕು.

ಫುಮಿಯೊ ಕೋನೊ 1968ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿದವರು. ಅವರ ಮನೆಯಲ್ಲಿ ಬಾಂಬಿಗೆ ಸಿಕ್ಕಿದವರು ಯಾರೂ ಇರಲಿಲ್ಲ, ಆ ವಿಷಯದಿಂದ ಅವರು ದೂರವೇ ಇದ್ದರು. ಹಿರೋಶಿಮಾದ ಕಥೆಯೊಂದನ್ನು ಬರೆಯಿರಿ ಎಂದು ಮಾಂಗಾ ಆಕ್ಷನ್‌ನ ಸಂಪಾದಕರು ಕೇಳಿದಾಗ, ತಮ್ಮೂರಿನ ಆಡುಮಾತಿನಲ್ಲಿ ಬರೆಯಬಹುದಲ್ಲ ಎಂದು ಖುಷಿಪಟ್ಟರಂತೆ. ಕೇಳಿದ್ದು ಆ ಹಿರೋಶಿಮಾವನ್ನು ಎಂದು ಹೊಳೆದದ್ದು ಆಮೇಲೆ. ಪುಸ್ತಕದ ಕೊನೆಯ ಮಾತಿನಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. 2003ರಲ್ಲಿ, ಪತ್ರಿಕೆ ಬಾಗಿಲು ಹಾಕಿದ ಅದೇ ವರ್ಷ, ಆ ಕಥೆ ಅಚ್ಚಾಯಿತು. ಅದರ ಕಾಲ 1955. ನದಿ ದಂಡೆಯ ಗುಡಿಸಲುಗಳ ಸಾಲಿನಲ್ಲಿ ತಾಯಿಯೊಂದಿಗೆ ಇರುವ ಮಿನಾಮಿ ಎಂಬ ಯುವತಿ ಕಚೇರಿಯಲ್ಲಿ ದುಡಿಯುತ್ತಾಳೆ. ಚಪ್ಪಲಿ ಸವೆಯದಿರಲಿ ಎಂದು ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ. ಜೊತೆಗೆ ಕೆಲಸ ಮಾಡುವ ಹುಡುಗ ಅವಳನ್ನು ಮೆಚ್ಚಿದಾಗ, ಸತ್ತವರನ್ನು ಬಿಟ್ಟು ಬದುಕುಳಿದ ತನಗೆ ಸುಖಪಡುವ ಹಕ್ಕಿದೆಯೇ ಎಂದು ಹಿಂಜರಿಯುತ್ತಾಳೆ. ಕೊನೆಗೂ ಒಪ್ಪಿಕೊಳ್ಳುವ ಹೊತ್ತಿಗೆ, ಬಾಂಬು ಬಿದ್ದು ಹತ್ತು ವರ್ಷವಾದ ಮೇಲೆ, ವಿಕಿರಣದ ರೋಗ ಅವಳನ್ನು ಹಾಸಿಗೆಗೆ ಕೆಡವುತ್ತದೆ. ಅವಳ ಕಣ್ಣು ಹೋಗುತ್ತದೆ. ಅಲ್ಲಿಂದ ಮುಂದೆ ಪುಟದ ಚೌಕಗಳೆಲ್ಲ ಖಾಲಿ. ಬಿಳಿಯ ಚೌಕಗಳಲ್ಲಿ ಅವಳ ಯೋಚನೆಯ ಮಾತುಗಳಷ್ಟೇ ಉಳಿಯುತ್ತವೆ. ಬಾಂಬು ಹಾಕಿದವರಿಗೆ ಹತ್ತು ವರ್ಷದ ಮೇಲೆ ಇನ್ನೊಬ್ಬಳು ಸತ್ತದ್ದು ಸಂತೋಷವೇ ಎಂದು ಅವಳು ಕೇಳುತ್ತಾಳೆ. ನಾನು ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಚಿತ್ರ ಬಿಡಿಸದೆ ಚಿತ್ರಕಥೆ ಬರೆಯಬಹುದು ಎಂದು ನನಗೆ ಗೊತ್ತಾದದ್ದು ಅಂದು.

ಪತ್ರಿಕೆ ಮತ್ತೆ ಶುರುವಾದ ಮೇಲೆ, 2007ರಿಂದ 2009ರವರೆಗೆ, ಅದೇ ಲೇಖಕಿ ಇನ್ನೂ ದೊಡ್ಡ ಕಥೆ ಬರೆದರು. ಹಿರೋಶಿಮಾದ ಪಕ್ಕದ ಬಂದರು ಕುರೆಗೆ ಸೊಸೆಯಾಗಿ ಬಂದ ಸುಜು ಯುದ್ಧಕಾಲದಲ್ಲಿ ಸಂಸಾರ ತೂಗಿಸಿದ ಕಥೆ ಅದು. ಜಪಾನಿನಲ್ಲಿ ವರ್ಷವನ್ನು ಚಕ್ರವರ್ತಿಯ ಕಾಲದಿಂದಲೂ ಎಣಿಸುತ್ತಾರೆ. 1945 ಷೋವಾ 20, 2008 ಹೈಸೆ 20. ಕೋನೊ ಕಥೆಯ ತಿಂಗಳುಗಳನ್ನು ಪತ್ರಿಕೆಯ ತಿಂಗಳುಗಳಿಗೆ ಹೊಂದಿಸಿ ಬರೆದರು. ಹೈಸೆ 20ರ ಓದುಗನಿಗೆ ಷೋವಾ 20 ಸಂಚಿಕೆಯಿಂದ ಸಂಚಿಕೆಗೆ ಹತ್ತಿರವಾಗುತ್ತ ಬಂತು. ಆಗಸ್ಟಿನಲ್ಲಿ ಏನು ಕಾದಿದೆ ಎಂದು ಓದುಗನಿಗೆ ಗೊತ್ತು, ಅಕ್ಕಿಯನ್ನು ಹಿಗ್ಗಿಸಿ ಅನ್ನ ಮಾಡುವ ಸುಜುವಿಗೆ ಗೊತ್ತಿಲ್ಲ. ಪುಸ್ತಕವಾಗಿ ಒಂದೇ ಕೂತಲ್ಲಿ ಓದುವವರಿಗೆ ಈ ಅನುಭವ ಸಿಗುವುದಿಲ್ಲ. ಸಂಚಿಕೆಯಿಂದ ಸಂಚಿಕೆಗೆ ಕಾಯಿಸುವ ಪತ್ರಿಕೆಯಿಂದ ಮಾತ್ರ ಅದು ಸಾಧ್ಯ.

ಇನ್ನು ನಿಮ್ಮ ಮೊಮ್ಮಗನ ಗೆಳೆಯನ ವಿಷಯ. ಯೊಶಿತೊ ಉಸುಯಿ 1990ರ ಆಗಸ್ಟಿನಲ್ಲಿ ಈ ಪತ್ರಿಕೆಯಲ್ಲಿ ಶಿನ್‌ಚಾನ್ ಆರಂಭಿಸಿದರು. ಓದುಗರಲ್ಲಿ ಮಕ್ಕಳಿರಲಿಲ್ಲ, ಮಕ್ಕಳ ತಂದೆಯರಿದ್ದರು. ಷೇರುಪೇಟೆ ಕುಸಿಯುತ್ತಿದ್ದ ವರ್ಷ ಅದು. ಟೋಕಿಯೊದ ಉತ್ತರಕ್ಕಿರುವ ಕಸುಕಾಬೆಯಲ್ಲಿ ಮನೆ ಮಾಡಿ, ರೈಲಿನಲ್ಲಿ ನಿಂತುಕೊಂಡೇ ಕಚೇರಿಗೆ ಹೋಗಿಬರುವ ಶಿನ್‌ಚಾನ್‌ನ ಅಪ್ಪ ಹಿರೋಶಿಯೂ ಆ ಓದುಗರಂತೆಯೇ ಒಬ್ಬ. ಅವನ ಮನೆ ಸಾಲ ತೀರಲು ಇನ್ನೂ 32 ವರ್ಷ ಬಾಕಿ. ಹೆಂಡತಿ ಮಿಸಾಯೆ ರಿಯಾಯಿತಿ ಮಾರಾಟಕ್ಕೆ ಓಡುತ್ತಾಳೆ, ಅಡಗಿಸಿಟ್ಟ ದುಡ್ಡು ಎಣಿಸುತ್ತಾಳೆ. ದೊಡ್ಡವರು ನಾಲ್ಕು ಜನರ ಮುಂದೆ ಮುಚ್ಚಿಡುವುದನ್ನೆಲ್ಲ ಮಗ ಜೋರಾಗಿ ಹೇಳಿಬಿಡುತ್ತಾನೆ. ನಗೆಯ ಗುರಿ ಆ ತಂದೆತಾಯಿ, ಅಂದರೆ ಓದುತ್ತಿರುವವರೇ. 1992ರ ಏಪ್ರಿಲ್‌ನಲ್ಲಿ ಟಿವಿ ಅಸಾಹಿ ಅದನ್ನು ಸಂಜೆ ಏಳಕ್ಕೆ ಹಾಕಿತು, ಓದುಗರ ಜಾಗದಲ್ಲಿ ಮಕ್ಕಳು ಬಂದು ಕೂತರು. ತಂದೆಗೆ ಚುರುಕು ಮುಟ್ಟಿಸಲು ಬರೆದ ಮಾತು ಮಗುವಿಗೆ ಅನುಕರಣೆಯ ಮಾದರಿಯಾಯಿತು. ಮಕ್ಕಳಿಗೆ ತೋರಿಸಲು ಇಷ್ಟವಿಲ್ಲದ ಕಾರ್ಯಕ್ರಮ ಯಾವುದು ಎಂದು ಪಾಲಕರನ್ನು ಕೇಳಿದ ಜಪಾನಿನ ಸಮೀಕ್ಷೆಗಳಲ್ಲಿ ಶಿನ್‌ಚಾನ್ ವರ್ಷಗಟ್ಟಲೆ ಮುಂಚೂಣಿಯಲ್ಲಿತ್ತು. ನಿಮ್ಮ ಸಿಟ್ಟು ಅಲ್ಲಿಯ ಅಜ್ಜಂದಿರಿಗೂ ಬಂದಿತ್ತು.

ನಮ್ಮ ದೇಶಕ್ಕೆ ಅದು 2006ರಲ್ಲಿ ಹಂಗಾಮಾ ಟಿವಿಯ ಮೂಲಕ ಹಿಂದಿಯಲ್ಲಿ ಬಂತು. 2008ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು, ಕತ್ತರಿ ಆಡಿಸಿದ ಮೇಲೆ ಮತ್ತೆ ಬಂತು. ಆಗ ಕನ್ನಡಕ್ಕೆ ಡಬ್ಬಿಂಗ್ ಬಾರದಂತೆ ನಾವೇ ತಡೆದಿದ್ದೆವು. ಹೀಗಾಗಿ ನಮ್ಮ ಮಕ್ಕಳು ಅದನ್ನು ಅಜ್ಜ ಅಜ್ಜಿಗೆ ಪೂರ್ತಿ ಅರ್ಥವಾಗದ ಭಾಷೆಯಲ್ಲಿ, ಒಬ್ಬರೇ ಕೂತು ನೋಡಿದರು. ನನಗೆ ಬೇಸರವಾಗುವುದು ಇಲ್ಲಿ. ಮನೆಯ ದೊಡ್ಡವರಿಗಾಗಿ ಬರೆದ ಕಥೆಯ ಮುಂದೆ ದೊಡ್ಡವರೊಬ್ಬರೂ ಇಲ್ಲ.

ಉಸುಯಿ 2009ರ ಸೆಪ್ಟೆಂಬರಿನಲ್ಲಿ ಅರಾಫುನೆ ಬೆಟ್ಟದಲ್ಲಿ ಕಾಲುಜಾರಿ ಬಿದ್ದು ತೀರಿಕೊಂಡರು. ಅವರಿಗೆ ಐವತ್ತೊಂದು ವರ್ಷ.

ಮೊಮ್ಮಗನನ್ನು ತಡೆಯಲೇ ಎಂದು ಕೇಳಿದ್ದೀರಿ. ತಡೆಯುವ ಮುಂಚೆ ಒಂದು ವಾರ ಪಕ್ಕದಲ್ಲಿ ಕೂತು ನೋಡಿ. ಹಿಂದಿ ಅರ್ಥವಾಗದ ಕಡೆ ಅವನನ್ನೇ ಕೇಳಿ, ಅವನು ಹೇಳಿಕೊಡಲಿ. ಹಿರಿಯರನ್ನು ಏಕವಚನದಲ್ಲಿ ಕರೆಯುವುದು ನಿಮಗೆ ಸರಿಬರದಿದ್ದರೆ ಅಲ್ಲಿಯೇ, ಆಗಲೇ ಹೇಳಿ. ಹೇಳುವ ಹಕ್ಕು ನಿಮಗಿದೆ, ನೀವು ನಲವತ್ತು ವರ್ಷ ಮಕ್ಕಳ ಮುಂದೆ ನಿಂತವರು. ಒಂದು ಗುಟ್ಟನ್ನೂ ಅವನಿಗೆ ತಿಳಿಸಿ. ಶಿನ್‌ಚಾನ್ ಕೈಯೆತ್ತಿ ಕೂಗುವ ವೀರ ಆಕ್ಷನ್ ಕಾಮೆನ್‌ಗೆ ಆ ಹೆಸರು ಬಂದದ್ದು ಈ ಪತ್ರಿಕೆಯಿಂದ. ಮೂಲ ಚಿತ್ರಕಥೆಯಲ್ಲಿ ಅವನ ಶಿಶುವಿಹಾರದ ಹೆಸರೂ ಆಕ್ಷನ್. ಟಿವಿಯಲ್ಲಿ ಅದು ಫುತಾಬಾ ಆಯಿತು, ಅಪ್ಪ ಕೆಲಸ ಮಾಡುವ ಕಂಪನಿಯೂ ಫುತಾಬಾ. ಎರಡೂ ಪ್ರಕಾಶಕರ ಹೆಸರು. ನಿಮ್ಮ ಮೊಮ್ಮಗನ ತರಗತಿಯಲ್ಲಿ ಯಾರಿಗೂ ಇದು ಗೊತ್ತಿರಲಿಕ್ಕಿಲ್ಲ.

ನೋಡಿದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಮತ್ತೆ ಬರೆಯಿರಿ. ಆ ಪತ್ರವನ್ನು ಒಂದಕ್ಷರವೂ ಕಡಿಯದೆ ಪ್ರಕಟಿಸುತ್ತೇನೆ.

ನಮಸ್ಕಾರಗಳೊಂದಿಗೆ,
ಸಂಪಾದಕ