ಮರೆತುಹೋದ ಸಂಗೀತಗಾರರ ಮೇಲೆ ಕಾನ್ಸೆಪ್ಟ್ ಆಲ್ಬಂ ಮಾಡುವುದು ಹೇಗೆ?

ಜನ ಮರೆತಿರುವ ಹಳೆಯ ಸಂಗೀತಗಾರರೊಬ್ಬರ ಮೇಲೆ ಕಾನ್ಸೆಪ್ಟ್ ಆಲ್ಬಂ, ಅಂದರೆ ಒಂದೇ ವಿಷಯದ ಸುತ್ತ ಹೆಣೆದ ಹಾಡುಗಳ ಆಲ್ಬಂ, ಮಾಡಬೇಕು, ಹಾಡುಗಳನ್ನು ಹೇಗೆ ಪೋಣಿಸಲಿ ಅಂತ ಕೇಳಿದ್ದೀರಿ. ಇಲ್ಲಿ ಬೆಂಗಳೂರಿನಲ್ಲಿ ಗೆಳೆಯರ ಜೊತೆ ಸೇರಿ ಕರ್ನಾಟಕ ಸಂಗೀತದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಮೇಲೆ ಇಂಥದ್ದೇ ಕೆಲಸ ಮಾಡಿದ್ದೇನೆ. ಅದರ ಮೇಲೆ ಹೇಳುತ್ತೇನೆ.

ಜೀವನಚರಿತ್ರೆ ಹಾಡಲು ಹೋಗಬೇಡಿ. ಹುಟ್ಟಿದ್ದು, ಕಲಿತದ್ದು, ತೀರಿಕೊಂಡದ್ದು ಅಂತ ಸಾಲಾಗಿ ಹಾಡು ಕಟ್ಟಿದರೆ ಯಾರೂ ಕೊನೆಯವರೆಗೆ ಕೇಳಲ್ಲ. ಆ ವ್ಯಕ್ತಿ ಯಾವುದಕ್ಕಾಗಿ ಹಟ ಹಿಡಿದರು? ಅದನ್ನು ಹುಡುಕಿ. ಆಲ್ಬಂ ಅಲ್ಲಿದೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ಆಮೇಲೆ ಮದ್ರಾಸಿನಲ್ಲಿ ನೆಲೆಸಿದರು. ತಮಿಳುನಾಡಿನ ತಿರುವಯ್ಯಾರಿನಲ್ಲಿ ವರ್ಷವರ್ಷ ನಡೆಯುವ, ವಾಗ್ಗೇಯಕಾರ ತ್ಯಾಗರಾಜರ ಆರಾಧನೆ ಎಲ್ಲರಿಗೂ ಗೊತ್ತು. ಅಲ್ಲಿ ಸಮಾಧಿಗೆ ಗುಡಿ ಕಟ್ಟಿಸಿದವರು ಇವರು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರನ್ನು ಹೆಸರಲ್ಲೇ ಹೊತ್ತವರು ಅವರು. ನನಗೆ ಅದು ಈಗಲೂ ಸಂಕಟ.

ನಾವು ಎರಡೇ ಸಂಗತಿ ಹಿಡಿದೆವು. ಒಂದು, 18ನೇ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’. ಮೊದಲಿದ್ದ ಮುದ್ರಣದಲ್ಲಿ ಪದ್ಯಗಳನ್ನೇ ತೆಗೆದುಹಾಕಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ 1910ರಲ್ಲಿ ಪೂರ್ತಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಸರ್ಕಾರ ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ. ಇದನ್ನು ಮಾತಿನಲ್ಲಿ ವಿವರಿಸದೆ ಹೀಗೆ ಮಾಡಿದೆವು: ಮೊದಲು ಪದ್ಯವನ್ನು ಕತ್ತರಿಸಿ ಹಾಡುವುದು. ಸಾಲು ಇಲ್ಲದ ಕಡೆ ದನಿ ನಿಲ್ಲುತ್ತದೆ, ಮೃದಂಗ ಮಾತ್ರ ತಾಳ ಬಿಡದೆ ನಡೆಯುತ್ತದೆ. ಆಮೇಲೆ ಅದೇ ಪದ್ಯ ಪೂರ್ತಿ. ಕೇಳಿದವರಿಗೆ ಏನು ಕಿತ್ತುಹಾಕಿದ್ದರು ಅಂತ ತಾನಾಗೇ ತಿಳಿಯುತ್ತದೆ.

ಇನ್ನೊಂದು ಆರಾಧನೆ. ನಾಗರತ್ನಮ್ಮ ತಾವೇ ದುಡ್ಡು ಹಾಕಿ ಕಟ್ಟಿಸಿದ ಜಾಗದಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಅವರು ಹೆಂಗಸರನ್ನು ಸೇರಿಸಿ ಬೇರೆಯೇ ಆರಾಧನೆ ನಡೆಸಿದರು. 1940ರ ದಶಕದ ಶುರುವಿನಲ್ಲಿ ಗಂಡಸರ, ಹೆಂಗಸರ ಗುಂಪುಗಳು ಒಂದಾದವು. ನಾವು ಗಂಡಸರ ಗೋಷ್ಠಿಯನ್ನು ಎಡ ಸ್ಪೀಕರಿನಲ್ಲಿ ದೂರಕ್ಕೆ ಇಟ್ಟೆವು. ಬಲಕ್ಕೆ, ಮೈಕಿಗೆ ಹತ್ತಿರ, ಹೆಂಗಸರ ದನಿ. ಕೊನೆಯ ಚರಣದಲ್ಲಿ ಎರಡೂ ನಡುವಿಗೆ ಬರುತ್ತವೆ. ಹೆಡ್‌ಫೋನ್ ಹಾಕಿ ಕೇಳಿ, ಮೈ ಜುಮ್ಮೆನ್ನುತ್ತದೆ.

ಹಳೆಯ ಗ್ರಾಮಫೋನ್ ಪ್ಲೇಟಿನ ದನಿ ಬಳಸುವುದಾದರೆ ಶ್ರುತಿಯ ಬಗ್ಗೆ ಎಚ್ಚರ. 78 (ನಿಮಿಷಕ್ಕೆ 78 ಸುತ್ತು) ಅಂತ ಕರೆದರೂ ಆ ಕಾಲದ ಪ್ಲೇಟೆಲ್ಲ ಅದೇ ವೇಗದಲ್ಲಿ ರೆಕಾರ್ಡ್ ಆದದ್ದಲ್ಲ. 74ರಲ್ಲಿ ಆದದ್ದನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಹೆಚ್ಚುಕಮ್ಮಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು) ಏರುತ್ತದೆ, ಗಮಕಗಳು, ಅಂದರೆ ಸ್ವರದ ಬಳುಕುಗಳು, ಗಡಿಬಿಡಿಯಲ್ಲಿ ಓಡುತ್ತವೆ. ತಂಬೂರಿ ಹಾಕಿಕೊಂಡು ನಿಧಾನಕ್ಕೆ ವೇಗ ಇಳಿಸುತ್ತಾ ಹೋಗಿ. ಸ್ವರದ ಕಂಪನ ಮನುಷ್ಯರ ಗಂಟಲಿನದು ಅನ್ನಿಸುವ ಕಡೆ ನಿಲ್ಲಿಸಿ. ಆ ದನಿಯ ಕೆಳಗೆ ಡ್ರಮ್ಸ್ ಬೇಡ. ಆಗಿನ ರೆಕಾರ್ಡಿಂಗ್ ತುತ್ತೂರಿಯ (ಹಾರ್ನ್) ಮುಂದೆ ಕಿರುಚದೆ ಕೇಳಿಸಬೇಕು ಅಂತ ಹಾಡಿದವರು ಅವರು, ಅವರ ಸುತ್ತ ಜಾಗ ಬಿಡಿ. ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು. ನಿಮ್ಮ ಹಾಡುಗಳನ್ನೂ ಅಷ್ಟಕ್ಕೇ ಕಟ್ಟಿ ನೋಡಿ, ಸುಮ್ನೆ ಎಳೆಯುವುದು ನಿಲ್ಲುತ್ತದೆ.

ಹಕ್ಕಿನ (ಕಾಪಿರೈಟ್) ವಿಷಯ: ನಮ್ಮಲ್ಲಿ ಧ್ವನಿಮುದ್ರಣಕ್ಕೆ, ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ, ಸಂಗೀತ ಕಟ್ಟಿದವರ ಹಕ್ಕು ಬೇರೆ, ಅವರು ತೀರಿಕೊಂಡ ಮೇಲೂ 60 ವರ್ಷ. ಎರಡನ್ನೂ ನೋಡಿಕೊಳ್ಳಿ. ಹಳೆಯ ದನಿ ಕೇಳಲು ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇದೆ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ.

ನಿಮ್ಮ ಸಂಗೀತಗಾರರು ಯಾರು ಅಂತ ಬರೆದಿಲ್ಲ. ತಿಳಿಸಿದರೆ ಅವರ ಹಟ ಯಾವುದಿರಬಹುದು ಅಂತ ಸೇರಿ ಯೋಚಿಸೋಣ.